ಏಳು ತಿಂಗಳಿಂದ ಬಲಗೆನ್ನೆ ನೋವು, ರಿಪೋರ್ಟ್ ಎಲ್ಲಾ ನಾರ್ಮಲ್

ಬಲಗೆನ್ನೆ:
ನನಗೆ 43 ವರ್ಷ. ಏಳು ತಿಂಗಳಿಂದ ಬಲಗೆನ್ನೆಯೊಳಗೆ ನೋವು. ಮೊದಲು ಮೇಲಿನ ಹಲ್ಲು ಅಂದುಕೊಂಡೆ. ರೂಟ್ ಕೆನಾಲ್ ಆಯಿತು, ನೋವು ಹಾಗೇ ಇತ್ತು. ಪಕ್ಕದ ಹಲ್ಲಿಗೂ ಆಯಿತು. ಈಗ ನೋವು ಕಣತಲೆಗೆ ಹತ್ತುತ್ತದೆ. ಒಂದೊಂದು ದಿನ ಕಣ್ಣಿನ ಹಿಂದೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ. ಸೈನಸ್ ಅಂದರು, ಸಿಟಿ ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಕಣ್ಣೂ ಸರಿ ಇದೆಯಂತೆ. ಕೊನೆಗೆ ಒಬ್ಬ ಡಾಕ್ಟರ್ "ಟೆನ್ಶನ್ ಮಾಡ್ಕೋಬೇಡಿ" ಅಂದರು. ಟೆನ್ಶನ್ ಬಂದಿರುವುದೇ ಈ ನೋವಿನಿಂದ ಅಂತ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಮುಂದಿನ ಪೇಷೆಂಟ್ ಒಳಗೆ ಬಂದಾಗಿತ್ತು.

ಮಾತ್ರೆ ನುಂಗಿದರೆ ನಾಲ್ಕು ಗಂಟೆ ಆರಾಮ, ಆಮೇಲೆ ಮತ್ತೆ ಶುರು. ಬೆಳಿಗ್ಗೆ ಎದ್ದಾಗ ಜಾಸ್ತಿ. ಹೀಗೆ ಯಾರಿಗಾದರೂ ಆಗಿದೆಯಾ? ಕೊನೆಗೆ ಏನು ಅಂತ ಗೊತ್ತಾಯಿತು?

ಹಳೇ ರೋಗಿ:
ನನ್ನದು ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಅಂದರೆ ಮುಖದ ನರದ ನೋವು. ನಿಮ್ಮದು ಅದಲ್ಲ ಅನ್ನಿಸುತ್ತದೆ ಮೇಡಂ. ನನಗೆ ಕರೆಂಟ್ ಹೊಡೆದ ಹಾಗೆ ಬರುತ್ತಿತ್ತು. ಕೆಲವು ಸೆಕೆಂಡು, ಹೆಚ್ಚೆಂದರೆ 2 ನಿಮಿಷ. ಮುಖ ತೊಳೆದರೂ ಸಾಕು, ಫ್ಯಾನ್ ಗಾಳಿ ತಾಗಿದರೂ ಸಾಕು. ನಾನೂ ನಿಮ್ಮ ಹಾಗೆ ಮೊದಲು ಹಲ್ಲಿನ ಹಿಂದೆ ಬಿದ್ದೆ, ಒಂದು ಒಳ್ಳೇ ಹಲ್ಲು ಕೀಳಿಸಿಕೊಂಡೆ!

ಮುಖದ ಒಂದೊಂದು ಬದಿಗೂ ಒಂದು ದೊಡ್ಡ ನರ, ಅದಕ್ಕೆ ಮೂರು ಕವಲು. ಮೇಲಿನ ಹಲ್ಲು, ಕೆನ್ನೆ, ಕೆನ್ನೆಯ ಸೈನಸ್, ಮೂರೂ ನಡುವಿನ ಕವಲಿಗೇ ಸೇರಿದವು. ನೋವು ಎಲ್ಲಿಂದ ಬಂತು ಅಂತ ಮೆದುಳಿಗೇ ಗೊಂದಲ. ನನ್ನ ಎಂಆರ್‌ಐನಲ್ಲಿ ಒಂದು ರಕ್ತನಾಳ ಆ ನರವನ್ನು ಒತ್ತುತ್ತಿದ್ದದ್ದು ಕಂಡಿತು. ಕಾರ್ಬಮಾಜೆಪಿನ್ ಅನ್ನುವ ನರನೋವಿನ ಮಾತ್ರೆ ಕೊಟ್ಟ ಮೇಲೆ ಹತೋಟಿಗೆ ಬಂತು. ನ್ಯೂರಾಲಜಿಸ್ಟ್ ನೋಡುವ ತನಕ ಮೂರನೇ ಹಲ್ಲಿಗೆ ಕೈ ಹಾಕಿಸಬೇಡಿ.

ದವಡೆ ಪುರಾಣ:
ಬೆಳಿಗ್ಗೆ ಜಾಸ್ತಿ ಅಂದಿರಲ್ಲ, ಅದು ಸುಳಿವು ಇರಬಹುದು. ಕಿವಿಯ ಮುಂದೆ, ದವಡೆಯ ಕೀಲಿನ ಮೇಲೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಟಕ್ ಅನ್ನುತ್ತದಾ? ಹಲ್ಲು ಕಚ್ಚಿದಾಗ ಕಣತಲೆಯಲ್ಲಿ ಒಂದು ಸ್ನಾಯು ಉಬ್ಬುತ್ತದೆ. ಬೀಸಣಿಗೆ ಥರ ಹರಡಿರುತ್ತದೆ ಅದು. ರಾತ್ರಿಯಿಡೀ ಹಲ್ಲು ಕಡಿದರೆ ಅದು ಸುಮ್ನೆ ಇರುತ್ತದಾ? ನಾನಂತೂ ದವಡೆ ನೋವನ್ನು ಕಿವಿನೋವು ಅಂದುಕೊಂಡು ಕಿವಿ ಡಾಕ್ಟರ್ ಹತ್ತಿರ ಒಂದು ವರ್ಷ ಓಡಾಡಿದೆ. ನೈಟ್ ಗಾರ್ಡ್ (ಮಲಗುವಾಗ ಹಲ್ಲಿಗೆ ಹಾಕುವ ಕವಚ) ಹಾಕಿದ ಮೇಲೆ ಅರ್ಧ ಹೋಯಿತು. ಉಳಿದರ್ಧ ಹಗಲಲ್ಲೂ ಹಲ್ಲು ಕಚ್ಚಿಕೊಳ್ಳುವ ಅಭ್ಯಾಸದಿಂದ. ಬಾಯಿ ಮುಚ್ಚಿದ್ದಾಗಲೂ ಮೇಲಿನ ಹಲ್ಲು ಕೆಳಗಿನದಕ್ಕೆ ತಾಗಬಾರದಂತೆ. ಈ ವಯಸ್ಸಿನವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಎಣಿಸಿ ನೋಡಿ:
ತಿಂಗಳಿಗೆ ಎಷ್ಟು ದಿನ ಮಾತ್ರೆ? ಸಾದಾ ನೋವಿನ ಮಾತ್ರೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ, ಹೀಗೇ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರಬಹುದು. ಎರಡು ಮೂರು ಔಷಧ ಸೇರಿಸಿದ ಮಾತ್ರೆಯಾದರೆ 10 ದಿನವೇ ಸಾಕು. ಮೈಗ್ರೇನ್ ಕೂಡ ಕೆನ್ನೆಯಲ್ಲಿ ಬರುತ್ತದೆ, ಎಷ್ಟೋ ಜನ ಅದನ್ನೇ ಸೈನಸ್ ಅಂದುಕೊಂಡಿರುತ್ತಾರೆ. ನೋವು ಬಂದಾಗ ಬೆಳಕು ಚುಚ್ಚುತ್ತದಾ, ವಾಕರಿಕೆ ಬರುತ್ತದಾ, ಬರೆದಿಡಿ.

ಇದು ನಿಮಗಲ್ಲ, ಓದುತ್ತಿರುವ 50 ದಾಟಿದವರಿಗೆ: ಹೊಸದಾಗಿ ತಲೆನೋವು, ಕಣತಲೆ ಮುಟ್ಟಿದರೆ ನೋವು, ಅಗಿಯುವಾಗ ದವಡೆ ಸೋತು ನೋಯುವುದು, ಕಣ್ಣು ಮಂಜು, ಇವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತನಾಳದ ಉರಿಯೂತ ಇದ್ದು ತಡ ಮಾಡಿದರೆ ದೃಷ್ಟಿಯೇ ಹೋಗಬಹುದು.

ಬಲಗೆನ್ನೆ:
ಖಾಲಿ ಸ್ಟ್ರಿಪ್ ಹುಡುಕಿ ಎಣಿಸಿದೆ. ಕಳೆದ ತಿಂಗಳು 22 ದಿನ. ನಾಚಿಕೆಯಾಯಿತು. ದವಡೆ ಟಕ್ ಅನ್ನುತ್ತದೆ, ಬಲಗಡೆ ಮಾತ್ರ. ನಮ್ಮ ಯಜಮಾನರು ಎರಡು ವರ್ಷದಿಂದ "ರಾತ್ರಿ ಇಲಿ ಕಡಿದ ಹಾಗೆ ಸದ್ದು ಬರುತ್ತೆ" ಅನ್ನುತ್ತಿದ್ದರು. ನಿಮ್ಮ ಗೊರಕೆಗಿಂತ ವಾಸಿ ಅಂತ ಬಾಯಿ ಮುಚ್ಚಿಸಿದ್ದೆ. ಗುರುವಾರ ನ್ಯೂರಾಲಜಿಸ್ಟ್ ಹತ್ತಿರ ಹೋಗುತ್ತಿದ್ದೇನೆ. ಅಲ್ಲಿಯವರೆಗೆ ಮಾತ್ರೆ ಪೂರ್ತಿ ಬಿಟ್ಟುಬಿಡಲಾ?

ಎಣಿಸಿ ನೋಡಿ:
ಯಾವ ಮಾತ್ರೆ ಅನ್ನುವುದರ ಮೇಲೆ ಹೋಗುತ್ತದೆ. ಕೆಲವನ್ನು ಒಮ್ಮೆಲೇ ಬಿಡಬಹುದು, ಕೆಲವನ್ನು ನಿಧಾನಕ್ಕೆ ಇಳಿಸಬೇಕು. ಬಿಟ್ಟ ಮೊದಲ ಕೆಲವು ದಿನ ನೋವು ಏರುವುದೂ ಉಂಟು, ಹೆದರಬೇಡಿ. ಇನ್ನು ಮೂರೇ ದಿನ ಅಲ್ವಾ, ಆ ಸ್ಟ್ರಿಪ್‌ಗಳನ್ನು ಹಾಗೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಡಾಕ್ಟರ್ ಮೇಜಿನ ಮೇಲೆ ಸುರಿಯಿರಿ.