ಇಲಿಯ ಸಿಟ್ಟು ಮಿದುಳಿನಲ್ಲಿ ಹೇಗೆ ನಿಲ್ಲುತ್ತದೆ?

ಪ್ರಶ್ನೆ (ಉಪನ್ಯಾಸಕಿ, ವಿಜಯಪುರ):
ನಮ್ಮ ಓಣಿಯಲ್ಲಿ ಎರಡು ನಾಯಿಗಳು ಕಚ್ಚಾಡಿ ದೂರವಾದ ಮೇಲೂ ಒಂದರ ಬೆನ್ನಿನ ಕೂದಲು ಬಹಳ ಹೊತ್ತು ನಿಮಿರಿಯೇ ಇತ್ತು. ಹೀಗೆ ಉಳಿಯುವ ಸಿಟ್ಟು ಇಲಿಗಳ ನರಕೋಶಗಳಲ್ಲಿ ಕಾಣುತ್ತದೆಯೇ? ಪಿಯುಸಿ ಮಕ್ಕಳಿಗೆ ಇದನ್ನು ಸರಿಯಾಗಿ ಹೇಳಬೇಕೆಂಬ ಆಸೆ ನನ್ನದು.

ಉತ್ತರ (ಬೆಳಗಾವಿ):
ಮೇಡಂ, 2011ರಲ್ಲಿ ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದ ಡೇವಿಡ್ ಆಂಡರ್ಸನ್ ಅವರ ತಂಡವು ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್‌ನ ಒಂದು ಚಿಕ್ಕ ಭಾಗವನ್ನು ಬೆಳಕಿನಿಂದ ಪ್ರಚೋದಿಸಿದಾಗ, ಗಂಡಿಲಿಯು ಹೆಣ್ಣಿಲಿಯ ಮೇಲೂ ಗಾಳಿ ತುಂಬಿದ ಕೈಗವಸಿನ ಮೇಲೂ ಎರಗಿತು.

ಉತ್ತರ (ಬಾಗಲಕೋಟೆ):
ಅದು ದಾಳಿಯನ್ನು ಹುಟ್ಟಿಸುವ ಜಾಗವನ್ನು ತೋರಿಸಿತು. ಮೇಡಂ ಕೇಳಿದ್ದು ಉಳಿಯುವ ಸಿಟ್ಟಿನ ಸ್ಥಿತಿಯ ಬಗ್ಗೆ. ಅದಕ್ಕೆ ಉತ್ತರ ಅದೇ ತಂಡದ 2023ರ ಅಧ್ಯಯನದಲ್ಲಿದೆ. ಹೈಪೊಥಲಾಮಸ್‌ನ ಅದೇ ಭಾಗದ ಅನೇಕ ನರಕೋಶಗಳ ಚಟುವಟಿಕೆಯನ್ನು ಒಟ್ಟಿಗೆ ನೋಡಿದಾಗ, ಮೂಸುವುದರಿಂದ ದಾಳಿಯವರೆಗೆ ಸಿಟ್ಟು ಏರಿದಂತೆ ಒಂದೇ ದಿಕ್ಕಿನಲ್ಲಿ ನಿಧಾನವಾಗಿ ಏರುವ, ತಟ್ಟನೆ ಇಳಿಯದ ಒಂದು ಮೊತ್ತ ಕಂಡಿತು. ಈ ಚಟುವಟಿಕೆ ಹೇಗೆ ಉಳಿಯುತ್ತದೆ ಎಂಬುದಕ್ಕೆ ಎತ್ತಿನ ಬಂಡಿಯ ಜಾಡನ್ನು ನೆನೆಯಿರಿ: ಪಕ್ಕಕ್ಕೆ ತಳ್ಳಿದರೆ ಗಾಲಿ ಮತ್ತೆ ಜಾಡಿಗೇ ಬೀಳುತ್ತದೆ, ಮುಂದೆ ತಳ್ಳಿದರೆ ಅಲ್ಲೇ ನಿಲ್ಲುತ್ತದೆ. ಆ ಮೊತ್ತ ಎಷ್ಟು ನಿಧಾನವಾಗಿ ಇಳಿಯುತ್ತದೋ ಆ ಇಲಿ ಅಷ್ಟು ಜಗಳಗಂಟಿಯಾಗಿತ್ತು ಎಂಬುದೇ ನನಗೆ ಅತ್ಯಂತ ಮಹತ್ವದ್ದೆನಿಸಿತು.

ಪ್ರಶ್ನೆ ಕೇಳಿದವರು:
ಬಂಡಿಯ ಜಾಡನ್ನು ನಾಳೆಯೇ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ, ಸರ್. ಆದರೆ ನರಕೋಶಗಳನ್ನು ನೇರವಾಗಿ ತಳ್ಳಿ ಇದನ್ನು ಪರೀಕ್ಷಿಸಿದ್ದಾರೆಯೇ?

ಉತ್ತರ (ಬಾಗಲಕೋಟೆ):
ಹೌದು, 2024ರಲ್ಲಿ. ಬೇರೆ ಇಲಿಗಳ ಜಗಳವನ್ನು ನೋಡುತ್ತಿದ್ದ ಇಲಿಯಲ್ಲೂ ಅದೇ ಜಾಡು ಜಾಗೃತವಾಗಿತ್ತು. ಆಯ್ದ ಕೋಶಗಳನ್ನು ಲೇಸರ್‌ನಿಂದ ಪ್ರಚೋದಿಸಿದಾಗ ಚಟುವಟಿಕೆ ಜಾಡಿನುದ್ದಕ್ಕೂ ಸರಿದು ಅಲ್ಲಿಯೇ ಉಳಿಯಿತು.