ಪಿ16 ನೆಗೆಟಿವ್ ಎಂದರೆ ಆಯುಸ್ಸು ಕಡಿಮೆ ಎಂದೇ?

ಪ್ರಶ್ನೆ (ದಾವಣಗೆರೆಯಿಂದ): ನಮ್ಮ ತಂದೆ ಮೂವತ್ತು ವರ್ಷ ಎಲೆ-ಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕಿಕೊಂಡವರು. ಎಡಗೆನ್ನೆಯ ಒಳಭಾಗದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಇಂದಿಗೆ ಹದಿನೆಂಟು ದಿನ. ಗಡ್ಡೆಯ ಆಳ 8 ಮಿ.ಮೀ., ಅಂಚುಗಳಲ್ಲಿ ರೋಗವಿಲ್ಲ, ಕುತ್ತಿಗೆಯ 34 ದುಗ್ಧಗ್ರಂಥಿಗಳ ಪೈಕಿ 2ರಲ್ಲಿ ರೋಗವಿದೆ, ಆದರೆ ಕವಚ ದಾಟಿಲ್ಲ ಎಂದು ವರದಿ ಹೇಳುತ್ತದೆ. ಕೊನೆಯ ಸಾಲಿನಲ್ಲಿ ‘ಪಿ16 ನೆಗೆಟಿವ್’ ಎಂದಿದೆ. ಪಿ16 ಪಾಸಿಟಿವ್ ಇದ್ದವರೇ ಹೆಚ್ಚು ಕಾಲ ಬದುಕುತ್ತಾರೆಂದು ಓದಿದಾಗಿನಿಂದ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ.

ಉತ್ತರ (ಪೆಥಾಲಜಿ ವೈದ್ಯರು): ನೀವು ಓದಿದ್ದು ಸುಳ್ಳಲ್ಲ, ಆದರೆ ಅದು ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರಿನ ಮಾತು, ಕೆನ್ನೆಯದಲ್ಲ. ಗಂಟಲಿನ ಆ ಕ್ಯಾನ್ಸರನ್ನು ತರಬಲ್ಲ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ) ವೈರಸ್ಸಿನ ಇ7 ಪ್ರೋಟೀನ್, ಕೋಶವಿಭಜನೆಗೆ ಲಗಾಮು ಹಾಕುವ ಆರ್‌ಬಿ ಪ್ರೋಟೀನನ್ನು ಕೆಡಿಸಿದಾಗ ಪಿ16 ಎಂಬ ಪ್ರೋಟೀನ್ ಕೋಶದಲ್ಲಿ ತುಂಬಿಕೊಳ್ಳುತ್ತದೆ. ಆದ್ದರಿಂದ ಗಂಟಲಿನ ಆ ಭಾಗದಲ್ಲಿ, ಕನಿಷ್ಠ 70 ಶೇಕಡಾ ಕೋಶಗಳು ಗಾಢವಾಗಿ ಬಣ್ಣ ಹಿಡಿದರೆ, ಅದನ್ನು ವೈರಸ್ಸಿನ ಹೆಜ್ಜೆಗುರುತೆಂದು ಎಣಿಸುತ್ತೇವೆ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಎಚ್‌ಪಿವಿ ಇದ್ದವರಲ್ಲಿ ಶೇ. 82.4, ಇಲ್ಲದವರಲ್ಲಿ ಶೇ. 57.1. ಅಲ್ಲಿದ್ದವರೆಲ್ಲರೂ ಗಂಟಲಿನ ರೋಗಿಗಳು. ಹೊಗೆಸೊಪ್ಪಿನಿಂದ ಬರುವ ಕೆನ್ನೆಯ ಕ್ಯಾನ್ಸರಿನಲ್ಲಿ ಪಿ16 ನೆಗೆಟಿವ್ ಇರುವುದೇ ವಾಡಿಕೆ, ಮತ್ತು ಹಂತ ನಿರ್ಧರಿಸುವಾಗ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನನ್ನು ಕೇಳಿದರೆ, ಆ ಸಾಲು ನಿಮ್ಮ ವರದಿಯಲ್ಲಿ ಬೇಕಿರಲಿಲ್ಲ.

ನಿಮ್ಮ ತಂದೆಯ ವಿಷಯದಲ್ಲಿ ಭಾರವಿರುವುದು ಆ ಎರಡು ಗ್ರಂಥಿಗಳಿಗೆ. ರೋಗವು ಕವಚ ದಾಟಿದ್ದರೆ ಅಥವಾ ಅಂಚಿನಲ್ಲಿ ಉಳಿದಿದ್ದರೆ ವಿಕಿರಣದ ಜೊತೆ ಕೀಮೋ ಕೂಡ ಸೇರುತ್ತಿತ್ತು. ಈಗ ವಿಕಿರಣದ ಸಲಹೆಯೇ ಹೆಚ್ಚು ಸಂಭವ. ಅದು ಶಸ್ತ್ರಚಿಕಿತ್ಸೆಯಾದ ಆರು ವಾರದೊಳಗೆ ಆರಂಭವಾಗಬೇಕು. ಅದಕ್ಕೂ ಮೊದಲು ಹಲ್ಲುಗಳ ತಪಾಸಣೆ ಮುಗಿದಿರಬೇಕು, ಏಕೆಂದರೆ ವಿಕಿರಣ ಪಡೆದ ದವಡೆಯಿಂದ ಹಲ್ಲು ಕೀಳಿಸಿದರೆ ಮೂಳೆ ಕೊಳೆಯುವ ಅಪಾಯವಿದೆ. ಹದಿನೆಂಟು ದಿನ ಕಳೆದಿವೆಯಾದ್ದರಿಂದ ಈ ವಾರವೇ ದಂತವೈದ್ಯರನ್ನು ಕಾಣಿರಿ.

ಪ್ರಶ್ನೆ: ಬೆಂಗಳೂರಿಗೆ ಕಳುಹಿಸಿದರೆ ಪಿ53, ಇಜಿಎಫ್‌ಆರ್, ಪಿಡಿ-ಎಲ್1 ಎಂಬ ಗಡ್ಡೆಯ ಪ್ರೋಟೀನುಗಳೆಲ್ಲವನ್ನೂ ನೋಡುತ್ತಾರಂತೆ. ಸಾಲ ಮಾಡಿಯಾದರೂ ಮಾಡಿಸೋಣವೇ?

ಉತ್ತರ: ಈಗ ಬೇಡ. ಇಜಿಎಫ್‌ಆರ್ ಈ ಬಗೆಯ ಬಹುಪಾಲು ಗಡ್ಡೆಗಳಲ್ಲಿ ಹೆಚ್ಚೇ ಇರುತ್ತದೆ. ಎಲ್ಲರಲ್ಲೂ ಇರುವುದು ಯಾರನ್ನೂ ಬೇರ್ಪಡಿಸಿ ತೋರಿಸದು. ಪಿ53ರ ಫಲಿತಾಂಶದಿಂದ ಮುಂದಿನ ಚಿಕಿತ್ಸೆ ಬದಲಾಗುವುದಿಲ್ಲ. ಪಿಡಿ-ಎಲ್1 ಮಾತ್ರ ಬೇರೆ: ರೋಗ ಮರುಕಳಿಸಿದಾಗ ಅಥವಾ ದೂರದ ಅಂಗಗಳಿಗೆ ಹರಡಿದಾಗ ಇಮ್ಯುನೋಥೆರಪಿಯ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಚಿಕಿತ್ಸೆಯ) ನಿರ್ಧಾರಕ್ಕೆ ಅದರ ಅಂಕ ನೆರವಾಗುತ್ತದೆ. ಅಂಥ ರೋಗಿಗಳಿಗೆ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ನಿವೊಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಿಯನ್ನು ಮೂರು ವಾರಕ್ಕೊಮ್ಮೆ ಕೇವಲ 20 ಮಿ.ಗ್ರಾಂ. ಪ್ರಮಾಣದಲ್ಲಿ ಬಾಯಿಂದ ಕೊಡುವ ಔಷಧಿಗಳ ಜೊತೆ ಸೇರಿಸಿ ನೋಡಿದಾಗ, ಒಂದು ವರ್ಷ ಬದುಕಿದವರ ಪ್ರಮಾಣ ಶೇ. 16.3ರಿಂದ ಶೇ. 43.4ಕ್ಕೆ ಏರಿತು. ವಾಡಿಕೆಯ ಪ್ರಮಾಣದ ಹತ್ತನೇ ಒಂದು ಭಾಗಕ್ಕಿಂತಲೂ ಇದು ಕಡಿಮೆಯಾದ್ದರಿಂದ ಖರ್ಚು ನಮ್ಮ ಜನರ ಕೈಗೆಟುಕುವ ಹತ್ತಿರ ಬರುತ್ತದೆ.

ನಿಮ್ಮ ತಂದೆಗೆ ಸದ್ಯ ಆ ಪ್ರಸಂಗವಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ತುಣುಕನ್ನು ಕೂಡಿಸಿಟ್ಟ ಮೇಣದ ಬ್ಲಾಕ್ ಪ್ರಯೋಗಾಲಯದಲ್ಲಿ ಉಳಿದಿರುತ್ತದೆ. ವರದಿಯ ಮೇಲಿನ ಬ್ಲಾಕ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ, ಬೇಕಾದಾಗ ಅದರಿಂದಲೇ ಪರೀಕ್ಷೆ ಮಾಡಿಸಬಹುದು.