ರಾಜ್ಮಾ ಮೂರು ಗಂಟೆ ಕುದಿಸಿದ್ರೂ ಬೇಯ್ತಿಲ್ಲ, ಎಲ್ಲಿ ತಪ್ಪಾಗ್ತಿದೆ?

ಬೆಂಕಿಪೊಟ್ಟಣ:
ಇದು ಮೂರನೇ ಸಲ. 250 ಗ್ರಾಂ ಕೆಂಪು ರಾಜ್ಮಾ, ರಾತ್ರಿಯಿಡೀ ನೆನೆಸಿದ್ದು, ಬೇಕಾದಷ್ಟು ನೀರು, ಮೂರು ಗಂಟೆ ಕುದಿ. ಕಾಳು ಊದಿದೆ, ಸಿಪ್ಪೆ ಸುಕ್ಕಾಗಿದೆ, ಕಚ್ಚಿದ್ರೆ ಮಾತ್ರ ನಡುವೆ ಸೀಮೆಸುಣ್ಣ ಸಿಕ್ಕ ಹಾಗೆ. ಕುಕ್ಕರಿಗೆ ಹಾಕಿ ಅನ್ನಬೇಡಿ, ತೆರೆದ ಪಾತ್ರೆಯಲ್ಲೇ ಬೇಯಬೇಕು. ಕಾಳು ಹಳೇದು ಅಂತಲೂ ಬೇಡ, ಇದೇ ಚೀಲದ್ದು ಮೊದಲು ಒಂದೂಕಾಲು ಗಂಟೆಗೆ ಬೆಂದಿತ್ತು. ತಲೆ ಕೆಟ್ಟುಹೋಗಿದೆ.

ಕುದಿಬಿಂದು:
ನೀರು ಗಡಸು, ಬೇರೆ ಏನೂ ಅಲ್ಲ. ಕಾಳಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರೋದು ಪೆಕ್ಟಿನ್. ಅದು ಕರಗಿದ್ರೇ ಕಾಳು ಮೆತ್ತಗಾಗೋದು. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಪೆಕ್ಟಿನ್‌ಗೆ ಬೆಸುಗೆ ಹಾಕಿಬಿಡ್ತವೆ, ಆಮೇಲೆ ಎಷ್ಟು ಕುದಿಸಿದ್ರೂ ಬಿಡಲ್ಲ. ನೀರು ಕಾಯಿಸೋ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಾ ನೋಡಿ.

ಸೌಟು64:
ಮೊದಲು ಬೆಂದಿತ್ತು, ಈಗ ಬೇಯ್ತಿಲ್ಲ ಅಂದ್ರೆ ನಡುವೆ ಏನೋ ಬದಲಾಗಿದೆ. ಪಾತ್ರೆಗೆ ಕಾಳು, ನೀರು ಬಿಟ್ಟು ಇನ್ನೇನು ಹಾಕ್ತೀರಿ?

ಬೆಂಕಿಪೊಟ್ಟಣ:
@ಕುದಿಬಿಂದು ಹೌದು, ತೆಳ್ಳಗೆ ಬಿಳಿ ಪದರ ಇದೆ!

ಕುದಿಬಿಂದು:
ನೋಡಿ, ಸಿಕ್ತು. ನೀರನ್ನು 10 ನಿಮಿಷ ಚೆನ್ನಾಗಿ ಕುದಿಸಿ, ಪೂರ್ತಿ ಆರಿಸಿ, ತಳದ ಗಸಿ ಬಿಟ್ಟು ಮೇಲಿನದನ್ನು ಬಗ್ಗಿಸ್ಕೊಳ್ಳಿ. ಬೈಕಾರ್ಬೊನೇಟ್‌ನಿಂದ ಬಂದ ಗಡಸುತನ ಅಷ್ಟರಲ್ಲೇ ಬಹುಪಾಲು ಹೋಗುತ್ತೆ. ಸಲ್ಫೇಟ್, ಕ್ಲೋರೈಡ್‌ನದ್ದು ಕುದಿಸಿದ್ರೆ ಹೋಗಲ್ಲ, ಅದಕ್ಕೆ ಆರ್‌ಒ ನೀರೇ ಬೇಕು. ಅದೂ ಇಲ್ಲದಿದ್ರೆ ಲೀಟರಿಗೆ ಕಾಲು ಟೀ ಚಮಚ ಅಡುಗೆ ಸೋಡಾ. ಅದಕ್ಕಿಂತ ಜಾಸ್ತಿ ಬೇಡ: ಸೋಪಿನ ರುಚಿ ಬರುತ್ತೆ, ಸಿಪ್ಪೆ ಕಳಚುತ್ತೆ, ಬಿ1 ವಿಟಮಿನ್ನೂ ಹಾಳು.

ತೂಕದಕಲ್ಲು:
ಉಪ್ಪು ಯಾವಾಗ ಹಾಕ್ತೀರಿ? ಮೊದಲೇ ಹಾಕಿದ್ರೆ ಸಿಪ್ಪೆ ಬಿಗಿಯುತ್ತೆ.

ಕುದಿಬಿಂದು:
ಅದು ತಪ್ಪು ನಂಬಿಕೆ. ನಡೆಯೋದು ಅದರ ತದ್ವಿರುದ್ಧ. ಲೀಟರ್ ನೀರಿಗೆ 15 ಗ್ರಾಂ ಉಪ್ಪು ಹಾಕಿ 8ರಿಂದ 12 ಗಂಟೆ ನೆನೆಸಿದ್ರೆ ಸೋಡಿಯಂ ಹೋಗಿ ಸಿಪ್ಪೆಯ ಕ್ಯಾಲ್ಸಿಯಂ ಜಾಗದಲ್ಲಿ ಕೂರುತ್ತೆ. ಸಿಪ್ಪೆ ಮೆತ್ತಗಾಗುತ್ತೆ, ಒಡೆಯೋದೂ ಕಮ್ಮಿ. ಆ ನೀರು ಚೆಲ್ಲಿ, ತೊಳೆದು ಬೇಯಿಸಿ.

ತೂಕದಕಲ್ಲು:
ಉಪ್ಪು ಹಾಕಿದ್ರೆ ನೀರಿನ ಶಾಖ ಏರುತ್ತಲ್ಲ, ಬೇಗ ಬೇಯೋದು ಅದಕ್ಕಿರಬಹುದು.

ಕುದಿಬಿಂದು:
ಲೀಟರಿಗೆ 10 ಗ್ರಾಂ ಹಾಕಿದ್ರೆ ಕುದಿಯೋ ಶಾಖ ಏರೋದು 0.2 ಡಿಗ್ರಿಗಿಂತ ಕಮ್ಮಿ. ಬೇಯೋ ಹೊತ್ತಿಗೆ ಅದು ಲೆಕ್ಕಕ್ಕೇ ಇಲ್ಲ. ಎತ್ತರದ ಜಾಗ ಆದ್ರೆ ಲೆಕ್ಕಕ್ಕುಂಟು: ಸುಮಾರು 300 ಮೀಟರ್ ಏರಿದ್ರೆ 1 ಡಿಗ್ರಿ ಇಳಿಯುತ್ತೆ. 1500 ಮೀಟರಿನಲ್ಲಿ ನೀರು 95ಕ್ಕೇ ಕುದಿಯುತ್ತೆ, ಉರಿ ಎಷ್ಟೇ ಹೆಚ್ಚಿಸಿದ್ರೂ ಅದಕ್ಕಿಂತ ಬಿಸಿ ಆಗಲ್ಲ.

ದಪ್ಪತಳ:
ಪಾತ್ರೆಯೂ ಮುಖ್ಯ. ನನ್ನದು ಮೂರು ಪದರದ ಸ್ಟೀಲ್, ತಳವೇ 6 ಮಿಲಿಮೀಟರ್, ಇಂಡಕ್ಷನ್ ಮೇಲೆ 96 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಟ್ಟರೂ ಅಲುಗಾಡಲ್ಲ. ತೆಳು ಪಾತ್ರೆಯಲ್ಲಿ ತಳ ಹತ್ತುತ್ತೆ, ಮೇಲಿನ ಕಾಳು ಹಸಿಯಾಗೇ ಇರುತ್ತೆ. ಇಲ್ಲದಿದ್ರೆ ಸ್ಲೋ ಕುಕ್ಕರ್‌ನಲ್ಲಿ ಕಡಿಮೆ ಶಾಖಕ್ಕೆ ಇಟ್ಟು ಮಲಗಿಬಿಡಿ.

ಸೌಟು64:
@ದಪ್ಪತಳ ರಾಜ್ಮಾಗೆ ದಯವಿಟ್ಟು ಆ ಕೊನೇ ಸಲಹೆ ಕೊಡಬೇಡಿ. ಹಸಿ ಕೆಂಪು ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಅನ್ನೋ ವಿಷದ ಅಂಶ ಇದೆ. ನಾಲ್ಕೈದು ಕಾಳು ತಿಂದ್ರೂ ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಶುರುವಾಗಬಹುದು. ಸ್ಲೋ ಕುಕ್ಕರ್‌ನ ಒಳಗೆ ಎಷ್ಟೋ ಸಲ 80 ಡಿಗ್ರಿಯೂ ದಾಟಲ್ಲ, ಆ ಶಾಖಕ್ಕೆ ಇದು ಹೋಗಲ್ಲ. ಅರೆಬೆಂದ ಕಾಳಿನ ವಿಷ ಹಸಿ ಕಾಳಿಗಿಂತ ಹೆಚ್ಚೂ ಆಗಬಹುದು. ಕನಿಷ್ಠ 5 ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಲ್ಲಿ 30 ನಿಮಿಷ ಕೊತಕೊತ ಕುದಿಸಬೇಕು. ಸಣ್ಣ ಉರಿ ಏನಿದ್ರೂ ಅದಾದ್ಮೇಲೆ.

@ಬೆಂಕಿಪೊಟ್ಟಣ ಗಟ್ಟಿ ಉಳಿದ ಕಾಳನ್ನು ರುಚಿ ನೋಡೋಕೂ ತಿನ್ನಬೇಡಿ, ಬೆರಳಲ್ಲಿ ಹಿಚುಕಿ ನೋಡಿ. ಮತ್ತೆ, ಪಾತ್ರೆಗೆ ಇನ್ನೇನು ಹಾಕ್ತೀರಿ ಅಂತ ಕೇಳಿದ್ದೆ.

ಬೆಂಕಿಪೊಟ್ಟಣ:
ಆರ್‌ಒ ನೀರಲ್ಲಿ ಮಾಡಿದೆ. ಸ್ವಲ್ಪ ಪರವಾಗಿಲ್ಲ, ಆದ್ರೂ ಎರಡು ಗಂಟೆಯ ಮೇಲೂ ನಡುವೆ ಗಟ್ಟಿ.

ಕುದಿಬಿಂದು:
ಫಿಲ್ಟರ್ ಹಳೇದಾಗಿರಬೇಕು. ನೀರಿನ ಟಿಡಿಎಸ್, ಅಂದ್ರೆ ಅದರಲ್ಲಿ ಕರಗಿರೋ ಲವಣಗಳ ಪ್ರಮಾಣ, ಎಷ್ಟಿದೆ ಅಳೆದು ಹೇಳಿ. ನೆನೆಸಿದ್ದೂ ಅದೇ ನೀರಲ್ಲಾ?

ಬೆಂಕಿಪೊಟ್ಟಣ:
ನೆನೆಸಿದ್ದೂ ಅದರಲ್ಲೇ. @ಸೌಟು64 ಇನ್ನೇನು, ಗ್ರೇವಿಗೆ ಬೇಕಾಗಿದ್ದೇ: ಈರುಳ್ಳಿ, ಮಸಾಲೆ, ಡಬ್ಬಿ ಟೊಮೆಟೊ ಹೋಳು 400 ಗ್ರಾಂ. ಮೊದಲು ಬೇರೆ ಬೇಯಿಸಿ ಸೇರಿಸ್ತಿದ್ದೆ, ಈಗ ರುಚಿ ಕಾಳಿನೊಳಗೆ ಇಳೀಲಿ ಅಂತ ಒಟ್ಟಿಗೇ ಇಡ್ತೀನಿ.

ಸೌಟು64:
ಅದೇ ಕಾರಣ. ಟೊಮೆಟೊದ ಪಿಎಚ್ ಸುಮಾರು 4.5. ಹುಳಿ ನೀರಲ್ಲಿ ಪೆಕ್ಟಿನ್ ಕರಗೋದು ತೀರಾ ನಿಧಾನ. ಹುಣಸೆ, ನಿಂಬೆ, ವಿನಿಗರ್ ಎಲ್ಲದರದ್ದೂ ಇದೇ ಗುಣ. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ, ಕ್ಯಾಲ್ಸಿಯಂ ಕ್ಲೋರೈಡ್ ಅಂತ ಇದೆಯಾ? ಹೋಳು ಕರಗಿ ಹೋಗದಿರಲಿ ಅಂತ ಹಾಕ್ತಾರೆ.

ಬೆಂಕಿಪೊಟ್ಟಣ:
ಇದೆ. ಸಿಟ್ರಿಕ್ ಆಮ್ಲ, ಕ್ಯಾಲ್ಸಿಯಂ ಕ್ಲೋರೈಡ್, ಎರಡೂ ಇವೆ.

ಕುದಿಬಿಂದು:
ಹಾಗಾದ್ರೆ ಕ್ಯಾಲ್ಸಿಯಂ ಬಂದಿದ್ದು ನಲ್ಲಿಯಿಂದ ಮಾತ್ರ ಅಲ್ಲ, ಡಬ್ಬಿಯಿಂದಲೂ. ಸೌಟು ಅವರ ಪ್ರಶ್ನೆಗೆ ಮೊದಲೇ ಉತ್ತರ ಕೇಳಬೇಕಿತ್ತು, ನಾನು ನೀರಿನ ಹಿಂದೆಯೇ ಬಿದ್ದೆ. ಒಂದು ಪರೀಕ್ಷೆ ಮಾಡಿ. ನೆನೆಸಿದ ಕಾಳು ನೂರು ನೂರು ಗ್ರಾಂ ಎರಡು ಪಾತ್ರೆಗೆ, ಎರಡಕ್ಕೂ ಒಂದೊಂದು ಲೀಟರ್ ನಲ್ಲಿ ನೀರು, ಒಂದಕ್ಕೆ ಮಾತ್ರ ಟೊಮೆಟೊ. ಮೊದಲ 30 ನಿಮಿಷ ಜೋರು ಕುದಿ, ಆಮೇಲೆ ಸಣ್ಣ ಉರಿ. ಅಲ್ಲಿಂದ ಹತ್ತು ಹತ್ತು ನಿಮಿಷಕ್ಕೆ ಐದು ಕಾಳು ತೆಗೆದು ಹಿಚುಕಿ. ಐದೂ ಬೆರಳಿಗೆ ಬೆಣ್ಣೆ ಹಾಗೆ ಸಿಗಬೇಕು, ಒಂದು ಮೆತ್ತಗಾದ್ರೆ ಸಾಲದು.

ತೂಕದಕಲ್ಲು:
ಈಗ ಒಲೆ ಮೇಲಿರೋ ಪಾತ್ರೆ ಕಥೆ ಏನು? ಚೆಲ್ಲಬೇಕಾ?

ಸೌಟು64:
ಬೇಡ. ಕಾಳು ಸೋಸಿ, ತೊಳೆದು, ಹೊಸ ನೀರಿಗೆ ಲೀಟರಿಗೆ ಕಾಲು ಚಮಚ ಸೋಡಾ ಹಾಕಿ ಮತ್ತೆ ಕುದಿಸಿ. ಒಳಗೆ ಸೇರಿದ ಕ್ಯಾಲ್ಸಿಯಂ ಪೂರ್ತಿ ಬಿಡಲ್ಲ, ಹೊತ್ತು ಹಿಡಿಯುತ್ತೆ. ಗ್ರೇವಿ ಬೇರೆ ಕುದಿಸಿಟ್ಟು, ಕಾಳು ಬೆಂದ ಮೇಲೆ ಸೇರಿಸಿ 20 ನಿಮಿಷ ಸಣ್ಣ ಉರಿ. ರುಚಿ ಇಳಿಯೋಕೆ ಅಷ್ಟು ಸಾಕು. ಹುಳಿ ಬಿದ್ದ ಕ್ಷಣದಿಂದ ಕಾಳು ಮೆತ್ತಗಾಗೋದು ಬಹುತೇಕ ನಿಲ್ಲುತ್ತೆ ಅನ್ನೋದೊಂದು ನೆನಪಿರಲಿ. ಹದಕ್ಕೆ ಸರಿಯಾಗಿ ಟೊಮೆಟೊ ಹಾಕಿದ್ರೆ ಆಮೇಲೆ ಎಷ್ಟು ಕುದಿಸಿದ್ರೂ ಕಾಳು ಕರಗಿ ಮುದ್ದೆಯಾಗಲ್ಲ.

ದಪ್ಪತಳ:
ಸ್ಲೋ ಕುಕ್ಕರ್ ಮಾತು ವಾಪಸ್. ಆಲೂಗಡ್ಡೆಗೂ ಹೀಗೇನಾ?

ಸೌಟು64:
ಹೀಗೇ. ಹೋಳು ಅಂಚು ಒಡೆಯದೆ ಬೇಯಬೇಕಾದ್ರೆ ಲೀಟರಿಗೆ ಒಂದು ದೊಡ್ಡ ಚಮಚ ವಿನಿಗರ್. ಹಿಸುಕಿದ ಆಲೂಗಡ್ಡೆಗೆ ಮಾತ್ರ ಬೇಡ. ಎರಡಕ್ಕೂ ತಣ್ಣೀರಿಂದಲೇ ಶುರು ಮಾಡಿ, ಕುದಿ ನೀರಿಗೆ ಹಾಕಿದ್ರೆ ಹೊರಗೆ ಕರಗಿ ಒಳಗೆ ಹಸಿ ಉಳಿಯುತ್ತೆ.

ಬೆಂಕಿಪೊಟ್ಟಣ:
ಎರಡು ಪಾತ್ರೆ ಪರೀಕ್ಷೆ ಮುಗೀತು. ಟೊಮೆಟೊ ಇಲ್ಲದ್ದು 80 ನಿಮಿಷಕ್ಕೆ ಐದಕ್ಕೈದೂ ಮೆತ್ತಗೆ, ನಲ್ಲಿ ನೀರಲ್ಲೇ. ಟೊಮೆಟೊ ಹಾಕಿದ್ದು 150 ನಿಮಿಷಕ್ಕೂ ನಡುವೆ ಬಿಳಿ ಚುಕ್ಕೆ. ಆದ್ರೆ ಬೆಂದಿದ್ದರಲ್ಲಿ ಅರ್ಧಕ್ಕರ್ಧ ಸಿಪ್ಪೆ ಒಡೆದಿದೆ.

ಕುದಿಬಿಂದು:
ಉಪ್ಪು ನೀರಲ್ಲಿ ನೆನೆಸಿದ್ರಾ? 30 ನಿಮಿಷ ಆದ್ಮೇಲೆ ಉರಿ ಎಷ್ಟಕ್ಕೆ ಇಳಿಸಿದ್ರಿ?

ಬೆಂಕಿಪೊಟ್ಟಣ:
ಬರೀ ನೀರು. ಉರಿ ಇಳಿಸೋದು ಮರೆತೆ.